ಅಮೆರಿಕದ ಮತ ಲೆಕ್ಕದ ಬಗ್ಗೆ ಒಂದು ಸೂಚನೆ

ಗುಂಪಿನ ಎಲ್ಲರಿಗೂ ನಮಸ್ಕಾರ. 2016ರ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ ಎದುರಾಳಿಗಿಂತ 28 ಲಕ್ಷಕ್ಕೂ ಹೆಚ್ಚು ಮತ ಪಡೆದ ಹಿಲರಿ ಕ್ಲಿಂಟನ್ ಸೋತದ್ದು ಹೇಗೆ ಎಂಬ ವಾದ ನಿನ್ನೆ ರಾತ್ರಿಯಿಂದ ಇಲ್ಲಿ ನಿಂತಿಲ್ಲ. ಅದು ಮೋಸವಲ್ಲ, ಅಲ್ಲಿನ ನಿಯಮವೇ ಹಾಗಿದೆ.

ಅಮೆರಿಕದವರು ಮತಗಟ್ಟೆಯಲ್ಲಿ ಆರಿಸುವುದು ತಮ್ಮ ರಾಜ್ಯದ ಎಲೆಕ್ಟರ್‌ಗಳನ್ನು, ಅಂದರೆ ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳನ್ನು. ದೇಶಕ್ಕೆಲ್ಲ ಸೇರಿ 538 ಮಂದಿ. ಅವರಲ್ಲಿ 270 ಮಂದಿಯ ಮತ ಸಿಕ್ಕವರು ಅಧ್ಯಕ್ಷರು. ಕ್ಯಾಲಿಫೋರ್ನಿಯಾಕ್ಕೆ ಈಗ 54, ವಯೋಮಿಂಗ್‌ಗೆ 3. ಮೇನ್, ನೆಬ್ರಾಸ್ಕಾ ಬಿಟ್ಟರೆ ಉಳಿದೆಡೆ ಒಂದೇ ಮತದಿಂದ ಮುಂದಿದ್ದರೂ ರಾಜ್ಯದ ಅಷ್ಟೂ ಎಲೆಕ್ಟರ್‌ಗಳು ಗೆದ್ದವರ ಪಾಲು. 2000ದಲ್ಲಿ ಫ್ಲೋರಿಡಾದಲ್ಲಿ ಬಿದ್ದದ್ದು ಸುಮಾರು 60 ಲಕ್ಷ ಮತ. ಜಾರ್ಜ್ ಬುಷ್ ಮುಂದಿದ್ದದ್ದು ಬರೀ 537 ಮತಗಳಿಂದ. ಮರುಎಣಿಕೆಯ ಜಗಳ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಕೊನೆಗೆ ಫ್ಲೋರಿಡಾದ 25ಕ್ಕೆ 25 ಎಲೆಕ್ಟರ್‌ಗಳೂ ಬುಷ್ ಅವರಿಗೇ ಸಿಕ್ಕಿ, ಅವರ ಒಟ್ಟು 271 ಆಯಿತು. ದೇಶದಾದ್ಯಂತ ಹೆಚ್ಚು ಮತ ಪಡೆದಿದ್ದ ಆಲ್ ಗೋರ್ ಸೋತರು. ನನ್ನನ್ನು ಕೇಳಿದರೆ ಇದು ನ್ಯಾಯವಲ್ಲ. ಆದರೆ ಸಂವಿಧಾನ ತಿದ್ದಲು ಮುಕ್ಕಾಲು ಪಾಲು ರಾಜ್ಯಗಳು ಒಪ್ಪಬೇಕು; ಜನಸಂಖ್ಯೆಗೆ ಹೋಲಿಸಿದರೆ ಹೆಚ್ಚು ಎಲೆಕ್ಟರ್‌ಗಳಿರುವ ಸಣ್ಣ ರಾಜ್ಯಗಳು ಕೈಗೆ ಬಂದ ತುತ್ತನ್ನು ಬಿಟ್ಟುಕೊಡುತ್ತವೆಯೇ?

ಇನ್ನು ಮುಂದೆ ಒಟ್ಟು ಮತಗಳ ಚಿತ್ರ ಹಾಕುವವರು ರಾಜ್ಯವಾರು ಪಟ್ಟಿಯನ್ನೂ ಜೊತೆಗೆ ಹಾಕಿ. ನಮ್ಮ ರಾಷ್ಟ್ರಪತಿ ಚುನಾವಣೆಯ ಲೆಕ್ಕವೇ ಬೇರೆ, ದಯವಿಟ್ಟು ಅದನ್ನು ಇದರೊಳಗೆ ಕಲಸಬೇಡಿ.