ಅಪ್ಪಾಜಿ ಕಾಲಿಗೆ ಚಪ್ಪಲಿ ಕಳಿಸಿದ್ದೇನೆ

ಶಾರ್ಜಾ
ಜನವರಿ, ಭಾನುವಾರ ರಾತ್ರಿ

ಅವ್ವಾ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಬಸವರಾಜ ನಿನ್ನ ಕಾಗದ ತಂದುಕೊಟ್ಟ. ಎಳ್ಳು-ಬೆಲ್ಲ, ಶೇಂಗಾ ಚಟ್ನಿಪುಡಿ ಎಲ್ಲ ಬಂತು. ಚಟ್ನಿಪುಡಿಯನ್ನು ಶಾಜಿ ಆಗಲೇ ಅರ್ಧ ಖಾಲಿ ಮಾಡಿದ. ಕೇರಳದವನಾದರೂ ನಮ್ಮ ಖಾರ ತಡೆಯುತ್ತಾನೆ.

ಫೋನಿನಲ್ಲೇ ಹೇಳಬಹುದಲ್ಲ, ಕಾಗದ ಯಾಕೆ ಅಂತ ಸುಮಾ ನಗಬಹುದು. ಫೋನ್ ಮಾಡಿದರೆ ಅಪ್ಪಾಜಿ ಪಕ್ಕದಲ್ಲೇ ಕೂತಿರುತ್ತಾರೆ. ನೀನು ಎಲ್ಲ ಆರಾಮ್ ಅಂತೀಯ, ನಾನೂ ಎಲ್ಲ ಆರಾಮ್ ಅಂತೀನಿ, ಅಲ್ಲಿಗೆ ಮುಗಿಯಿತು. ಇದನ್ನು ಅವರು ಮಂಡಕ್ಕಿ ಭಟ್ಟಿಗೆ ಹೋದಾಗ ಓದಿಸು.

ನಿನ್ನ ಕಾಗದದ ಮುಕ್ಕಾಲು ಪಾಲು ನನಗೆ ಬೈಗುಳವೇ. ದುಡಿಯೋಕೆ ಹೋದವನಿಗೆ ಮರಳಲ್ಲಿ ಗಾಡಿ ಹತ್ತಿಸೋ ಹುಚ್ಚು ಯಾಕೆ, ಕೈಕಾಲು ಮುರಿದುಕೊಂಡರೆ ಯಾರು ನೋಡ್ತಾರೆ ಅಂತ. ಅಪ್ಪಾಜಿ ಕಾಲಿನ ಗಾಯದ ವಿಷಯವನ್ನು ಮಾತ್ರ ಕೊನೆಗೆ, ಜಾಗ ಸಾಲದೆ ಅಂಚಿನಲ್ಲಿ ಅಡ್ಡಲಾಗಿ ಬರೆಸಿದ್ದೀಯ. ಇರಲಿ. ಮೊದಲು ನನ್ನದು ಹೇಳಿ ಮುಗಿಸಿಬಿಡ್ತೀನಿ.

ನಾಗರಾಜ ಮಾವ ನಿನಗೆ ತೋರಿಸಿದ ಫೋಟೋದಲ್ಲಿ ಗಾಳಿಗೆ ಹಾರಿರೋ ಗಾಡಿ ನಂದಲ್ಲ. ಅದು ಇಲ್ಲಿಯ ಅರಬ್ಬಿ ಹುಡುಗನದು. ನಾನು ಕೆಳಗೆ ನಿಂತು ಫೋಟೋ ತೆಗೆದವನು, ಅಷ್ಟೆ. ಸ್ಟೇಟಸ್ಸಿಗೆ ಹಾಕಿದ್ದನ್ನು ಮಾವ ಊರಿಗೆಲ್ಲ ತೋರಿಸಿಕೊಂಡು ಬಂದಿದ್ದಾರೆ. ಪಿ.ಬಿ. ರಸ್ತೆಯಲ್ಲಿ ಹೆಲ್ಮೆಟ್ ಇಲ್ಲದೆ ರಾಂಗ್ ಸೈಡಿನಲ್ಲಿ ಬರೋರು ಅವರು. ನನಗೆ ಬುದ್ಧಿ ಹೇಳ್ತಾರೆ.

ಈ ಗಾಡಿಗೆ ಬಗ್ಗಿ ಅಂತಾರೆ. ಬಾಗಿಲು, ಗಾಜು ಏನೂ ಇರಲ್ಲ. ಸುತ್ತ ದಪ್ಪ ಕಬ್ಬಿಣದ ಪೈಪಿನ ಪಂಜರ. ಪಲ್ಟಿ ಹೊಡೆದರೂ ನೆಲಕ್ಕೆ ತಾಗೋದು ಪಂಜರ, ತಲೆಯಲ್ಲ. ಎರಡು ಭುಜದ ಮೇಲಿಂದ, ಎರಡು ಸೊಂಟದ ಕಡೆಯಿಂದ ಬೆಲ್ಟು ಬಿಗಿಯುತ್ತಾರೆ. ಕೈ ಹೊರಗೆ ಚಾಚೋ ಹಾಗಿಲ್ಲ. ಹೆಲ್ಮೆಟ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಕಿರಣ ಇಂಜಿನ್ ಬಗ್ಗೆ ಕೇಳಿದ್ದನಲ್ಲ, ಅವನಿಗೆ ಹೇಳು: 1000 ಸಿಸಿ ಹತ್ತಿರ, ಎರಡು ಸಿಲಿಂಡರ್. ಗೇರ್ ಹಾಕೋದಿಲ್ಲ, ಸ್ಕೂಟಿಯಲ್ಲಿ ಇರೋ ಥರ ಇಂಜಿನ್ನಿಂದ ಚಕ್ರ ತಿರುಗಿಸೋ ರಬ್ಬರ್ ಬೆಲ್ಟು. ಮರಳಲ್ಲಿ ಆ ಬೆಲ್ಟೇ ಕಾದು ಹರಿಯೋದು. ಅದಕ್ಕೇ ಇನ್ನೊಂದು ಬೆಲ್ಟನ್ನು ಸೀಟಿನ ಹಿಂದೆ ಕಟ್ಟಿಕೊಂಡೇ ಹೋಗ್ತೀವಿ. ಈ ಥರ ಗಾಡಿಗೆ ಹೆಸರು ತಂದಿದ್ದು ಅಮೆರಿಕದ ಬ್ರೂಸ್ ಮೇಯರ್ಸ್. 1964ರಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಇಂಜಿನ್ನು, ಚಕ್ರ ಇಟ್ಟುಕೊಂಡು ಮೇಲೆ ಫೈಬರ್ ಬಾಡಿ ಕೂರಿಸಿ ಸಮುದ್ರದ ಮರಳಲ್ಲಿ ಓಡಿಸಿದ. ಗ್ಯಾರೇಜಿನವರ ಕೆಲಸವೇ, ಬೇರೇನಲ್ಲ.

ಮನಸ್ಸು ಬಂದಾಗ ಎದ್ದು ಹೊರಡೋದಲ್ಲ ಅವ್ವ. ಒಂದು ವಾರ ಮೊದಲೇ ಶಾಜಿ ಪಟ್ಟಿ ಮಾಡ್ತಾನೆ. ಒಂಟಿ ಗಾಡಿ ಯಾವತ್ತೂ ಮರಳಿಗೆ ಇಳಿಯೋ ಹಾಗಿಲ್ಲ. ಮುಂದೆ ಪೆಶಾವರದ ಗುಲ್ ಖಾನ್. ಮರಳಿನ ಬಣ್ಣ ನೋಡಿಯೇ ಮೆತ್ತಗಿದೆಯೋ ಗಟ್ಟಿ ಇದೆಯೋ ಹೇಳ್ತಾನೆ. ಕೊನೆಯಲ್ಲಿ ಮಂಗಳೂರಿನ ನವಾಜನ ಹಳೆ ನಿಸ್ಸಾನ್ ಪ್ಯಾಟ್ರೋಲ್ ಜೀಪು. ಸಲಿಕೆ, ಎಳೆಯೋ ಹಗ್ಗ, ಚಕ್ರದ ಕೆಳಗೆ ಹಾಕೋ ಹಲಗೆ, ಗಾಳಿ ಹಾಕೋ ಪಂಪು, ನೀರು ಎಲ್ಲ ಅದರಲ್ಲೇ. ಬಗ್ಗಿ ಬಾಡಿಗೆಗೆ ತಗೊಳ್ಳೋದು. ದುಬಾರಿ ನಿಜ. ಆದರೆ ಎಲ್ಲರೂ ಹಂಚಿಕೊಂಡರೆ ನನ್ನ ಪಾಲಿಗೆ ಬರೋದು ಅಷ್ಟೇನೂ ಇಲ್ಲ. ನಾನು ಸಿಗರೇಟ್ ಸೇದಲ್ಲ, ಅದರಲ್ಲಿ ಉಳಿಯೋ ದುಡ್ಡು ಅಂದುಕೋ.

ಇಲ್ಲಿಯ ಒಂದು ತಮಾಷೆ ಕೇಳು. ಊರಲ್ಲಿ ಎಲ್ಲಿಗಾದರೂ ದೂರ ಹೊರಟರೆ ಟೈರಿಗೆ ಗಾಳಿ ಹಾಕಿಸ್ತೀವಿ. ಇಲ್ಲಿ ಮರಳು ಬಂತು ಅಂದರೆ ಎಲ್ಲರೂ ಇಳಿದು ಗಾಳಿ ಬಿಡ್ತಾರೆ! ಡಾಂಬರಿನ ಮೇಲೆ 35 ಇರೋ ಪ್ಯಾಟ್ರೋಲಿನ ಟೈರನ್ನು 15ಕ್ಕೆ ಇಳಿಸ್ತಾರೆ. ಆಗ ಟೈರು ಒಂಟೆ ಪಾದದ ಹಾಗೆ ಅಗಲ ಆಗಿ ಮರಳಿನ ಮೇಲೆ ತೇಲುತ್ತದೆ. ಜಾಸ್ತಿ ಇಳಿಸಿದರೆ ತಿರುವಿನಲ್ಲಿ ರಿಮ್ಮಿನಿಂದ ಟೈರು ಕಳಚಿ ಬರುತ್ತದೆ. ಹೂತುಕೊಂಡಾಗ ಹೊಸಬರು ಆಕ್ಸಿಲರೇಟರ್ ಒತ್ತುತ್ತಾರೆ. ಒತ್ತಿದಷ್ಟೂ ಗಾಡಿ ಒಳಕ್ಕೆ ಇಳಿಯುತ್ತದೆ. ಸುಮ್ನೆ ನಿಲ್ಲಿಸಿ, ಇಳಿದು, ಚಕ್ರದ ಮುಂದಿನ ಮರಳು ತೆಗೀಬೇಕು.

ಅಪಾಯ ಇರೋದು ದಿಬ್ಬದ ತುದಿಯಲ್ಲಿ. ಗಾಳಿ ಬೀಸೋ ಕಡೆ ದಿಬ್ಬ ನಿಧಾನಕ್ಕೆ ಏರುತ್ತದೆ. ಆಚೆ ಕಡೆ ಕಡಿದು ಇಳಿಯುತ್ತದೆ, 30 ಡಿಗ್ರಿಗೂ ಮೇಲೆ. ತುದಿಗೆ ಬರೋವರೆಗೆ ಆ ಕಡೆ ಏನಿದೆ ಅಂತ ಕಾಣಲ್ಲ. ಹಾರೋರು ಕೆಟ್ಟು ಹೋಗೋದು ಅಲ್ಲೇ. ನಾವು ತುದಿಯಲ್ಲಿ ವೇಗ ಕಳೆದು, ನೋಡಿ, ನೇರಕ್ಕೆ ಇಳೀತೀವಿ. ಇಳಿಜಾರಿನಲ್ಲಿ ಅಡ್ಡ ತಿರುಗಿಸಿದರೆ ಪಲ್ಟಿ. ಎದುರಿಂದ ಬರೋರಿಗೆ ಕಾಣಲಿ ಅಂತ ಪ್ರತಿ ಗಾಡಿಗೂ ಉದ್ದ ಕೋಲಿನ ತುದಿಗೆ ಬಾವುಟ ಇರುತ್ತದೆ. ಇಷ್ಟೆಲ್ಲ ಮಾಡ್ತೀವಿ ಅವ್ವ. ನಮ್ಮೂರ ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಾಗ ಕೆಳಗೆ ನುಸುಳಿ ಓಡ್ತಿದ್ದೆವಲ್ಲ, ಅದಕ್ಕಿಂತ ಇದರಲ್ಲಿ ಭಯ ಕಡಿಮೆ.

ಹೋಗೋದು ಹತ್ತಾ ಅನ್ನೋ ಊರಿನ ಕಡೆ ಹೋಗೋ ರಸ್ತೆಯಲ್ಲಿರೋ ಬದಾಯರ್ ಅನ್ನೋ ಜಾಗಕ್ಕೆ. ಕೆಂಪು ಮರಳಿನ ದೊಡ್ಡ ದಿಬ್ಬ, ಬಿಗ್ ರೆಡ್ ಅಂತಲೇ ಹೆಸರು. ಮರಳಲ್ಲಿ ಕಬ್ಬಿಣದ ಅಂಶ ಇದ್ದು ಆ ಬಣ್ಣ. ಆ ಹಾದಿಯಲ್ಲಿ ಬರೀ ಮರಳಿನ ನಡುವೆ ಹಸಿರಾಗಿ ನಿಂತಿರೋ ಮರಗಳಿವೆ. ಗಾಫ್ ಅಂತಾರೆ, ಈ ದೇಶದ ರಾಷ್ಟ್ರೀಯ ಮರ. ಹತ್ತಿರ ಹೋಗಿ ಎಲೆ ನೋಡಿದರೆ ನಮ್ಮ ಬನ್ನಿ! ದಸರೆಗೆ ನಾವು ಮುಡಿಯೋದು ಇದೇ. ಚಪ್ಪಲಿ ಬಿಟ್ಟು ಕೈ ಮುಗಿದೆ. ಗುಲ್ ಖಾನ್ ನೋಡಿದ, ಏನೂ ಕೇಳಲಿಲ್ಲ. ಅವನೂ ನೆರಳಿಗೆ ಬಂದು ಕೂತ.

ಈಗ ಮುಂದಿನ ತಿಂಗಳು ಲಿವಾಕ್ಕೆ ಹೋಗೋಣ ಅಂತ ಮಾತಾಗಿದೆ. ಅದು ಅಬುಧಾಬಿಯ ದಕ್ಷಿಣದ ತುದಿ. ಅಲ್ಲಿಂದ ಆಚೆ ರುಬ್ ಅಲ್ ಖಾಲಿ ಮರುಭೂಮಿ, ನಮ್ಮ ಕರ್ನಾಟಕದಂಥ ಮೂರು ರಾಜ್ಯ ಅದರೊಳಗೆ ಹಿಡಿಸುತ್ತವೆ. ತಲ್ ಮೊರೀಬ್ ಅಂತ ಒಂದು ದಿಬ್ಬ ಸುಮಾರು 300 ಮೀಟರ್ ಎತ್ತರ. ಅದನ್ನು ಹತ್ತೋದು ನಾವಲ್ಲ, ದೊಡ್ಡ ಇಂಜಿನ್ನಿನವರು. ನಾವು ಕೆಳಗಿನ ಸಣ್ಣ ದಿಬ್ಬಗಳಲ್ಲಿ ಓಡಾಡಿ ಒಂದು ರಾತ್ರಿ ಟೆಂಟಿನಲ್ಲಿ ಇದ್ದು ಬರೋದು. ಈಗ ಹೋದರೇ ಉಂಟು. ಮಾರ್ಚ್ ದಾಟಿದರೆ ಬಿಸಿಲಿಗೆ ಆ ಕಡೆ ತಲೆ ಹಾಕೋಕೆ ಆಗಲ್ಲ.

ನನ್ನದು ಮುಗಿಯಿತು. ಈಗ ಅಪ್ಪಾಜಿ ಕಾಲು.

ಭಟ್ಟಿಯಲ್ಲಿ ಚೆಲ್ಲಿದ್ದ ಕಾದ ಮರಳು ತುಳಿದರು, ಬೊಬ್ಬೆ ಎದ್ದಿದ್ದು ಮನೆಗೆ ಬಂದು ಕಾಲು ತೊಳೆದಾಗಲೇ ಗೊತ್ತಾಯಿತು ಅಂತ ಬರೆಸಿದ್ದೀಯ. ಅದು ಒಡೆದು ದೀಪಾವಳಿಯಿಂದ ಮಾಗಿಲ್ಲ. ‘ನೋವೇ ಇಲ್ಲ ಬಿಡು, ಯಾಕೆ ಗಾಬರಿ’ ಅಂದರಂತೆ. ಅವ್ವ, ನನ್ನ ನಿದ್ದೆ ಕೆಡಿಸಿದ್ದು ಆ ಮಾತೇ. ಅಕ್ಕಿಯನ್ನು ಮಂಡಕ್ಕಿ ಮಾಡೋ ಮರಳು ಅದು. ಬೇರೆ ಯಾರಾದರೂ ತುಳಿದಿದ್ದರೆ ಕಿರುಚಿಕೊಂಡು ಹಾರಬೇಕಿತ್ತು. ಇವರಿಗೆ ಗೊತ್ತೇ ಆಗಲಿಲ್ಲ ಅಂದರೆ ಸಕ್ಕರೆ ಕಾಯಿಲೆ ಪಾದದ ನರ ತಿಂದಿದೆ ಅಂತ ಅರ್ಥ. ನೋವಿದ್ದಿದ್ದರೆ ಅವರೇ ಆಸ್ಪತ್ರೆಗೆ ಓಡುತ್ತಿದ್ದರು.

ನಮ್ಮ ಕ್ಯಾಂಪಿನ ಕ್ಲಿನಿಕ್ಕಿನಲ್ಲಿ ಒಬ್ಬ ನರ್ಸ್ ಇದ್ದಾರೆ. ಅವರಿಗೆ ಸುಮಾ ಕಳಿಸಿದ ಫೋಟೋ ತೋರಿಸಿದೆ. ಸುಮ್ಮನೆ ನೋಡಿ, ಇಷ್ಟು ದಿನ ಮನೆಯಲ್ಲೇ ಯಾಕೆ ಇಟ್ಟಿದ್ದೀರಿ ಅಂದರು. ಸಕ್ಕರೆ ಇದ್ದವರಿಗೆ ಕಾಲಿಗೆ ರಕ್ತ ಸರಿಯಾಗಿ ಹೋಗಲ್ಲ, ಗಾಯ ಮೇಲೆ ಚಿಕ್ಕದಾಗಿ ಕಂಡರೂ ಒಳಗೆ ಕೀವು ಮೂಳೆಯವರೆಗೆ ಹೋಗಿರಬಹುದು ಅಂದರು. ಶಾಜಿ ಅಪ್ಪನಿಗೂ ಹೀಗೇ ಆಗಿ ಎರಡು ಬೆರಳು ತೆಗೆದರಂತೆ. ನೀನು ಹೆದರಬೇಡ. ಅಪ್ಪಾಜಿಗೆ ಅಂಥದ್ದೇನೂ ಆಗಲ್ಲ. ಖಂಡಿತ ಆಗಲ್ಲ. ಅವರದು ಗಟ್ಟಿ ಜೀವ, ಮಿಲ್ಲಿನಲ್ಲಿ ರಾತ್ರಿ ಪಾಳಿ ಮಾಡಿದವರು. ಆದರೆ ಈ ವಾರವೇ ಕರೆದುಕೊಂಡು ಹೋಗಬೇಕು. ಸಂಕ್ರಾಂತಿ ಆಯಿತು, ಇನ್ನು ಶಿವರಾತ್ರಿ ಕಳೀಲಿ ಅಂತ ತಳ್ಳಬೇಡ.

ಯಾರೋ ಹೇಳಿದ ಸೊಪ್ಪಿನ ರಸ, ಅರಿಶಿನ ಹಚ್ಚೋದು ಇವತ್ತೇ ನಿಲ್ಲಿಸು. ಬಿಸಿನೀರಲ್ಲಿ ಕಾಲು ಅದ್ದಿ ಕೂರಿಸಬೇಡ. ನೀರು ಎಷ್ಟು ಬಿಸಿ ಅಂತ ಅವರ ಕಾಲಿಗೆ ಗೊತ್ತಾಗಲ್ಲ, ಇನ್ನೊಂದು ಸಲ ಸುಡುತ್ತದೆ. ಪಾದದ ಗಟ್ಟಿ ಚರ್ಮವನ್ನು ಬ್ಲೇಡಿನಲ್ಲಿ ಕೆರೀತಾರಲ್ಲ, ಆ ಬ್ಲೇಡು ಬಚ್ಚಿಡು. ರಾತ್ರಿ ಊಟ ಆದ ಮೇಲೆ ನೀನೇ ಎರಡೂ ಪಾದ, ಬೆರಳ ಸಂದಿ ನೋಡಬೇಕು. ಅವರಿಗೆ ಬಗ್ಗಿ ನೋಡೋಕೆ ಆಗಲ್ಲ, ನೋಡಿದರೂ ಏನಿಲ್ಲ ಅಂತಾರೆ.

ಸುಮಾ, ಇದು ನಿನಗೆ. ಡಾಕ್ಟರ್ ಬರೀ ಡ್ರೆಸ್ಸಿಂಗ್ ಮಾಡಿ ಕಳಿಸಿದರೆ ಎದ್ದು ಬರಬೇಡ. ಮೂಳೆಗೆ ಎಕ್ಸ್‌ರೇ ಬೇಕಾ, ರಕ್ತ ಓಡ್ತಿದೆಯಾ ಅಂತ ನೋಡೋ ಡಾಪ್ಲರ್ ಬೇಕಾ, ಕೀವಿನ ಪರೀಕ್ಷೆ ಬೇಕಾ ಅಂತ ಕೇಳು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳೋ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸು. ಬೆಳಿಗ್ಗೆ ಖಾಲಿ ಹೊಟ್ಟೆಯ ಸಕ್ಕರೆ ಮಾತ್ರ ನೋಡಿದರೆ ಅಪ್ಪಾಜಿ ಹಿಂದಿನ ದಿನ ಪಥ್ಯ ಮಾಡಿ ತಪ್ಪಿಸಿಕೊಳ್ತಾರೆ. ಆರೋಗ್ಯ ಕರ್ನಾಟಕದ ಕಾರ್ಡಿನ ಬಗ್ಗೆಯೂ ವಿಚಾರಿಸು. ಬಿಪಿಎಲ್‌ನವರಿಗೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ನಮ್ಮದು ಎಪಿಎಲ್, ಅಷ್ಟು ಸಿಗಲ್ಲ, ಖರ್ಚಿನ ಒಂದು ಪಾಲು ಮಾತ್ರ. ಆದರೂ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಚೀಟಿ ಬರೆಸಿಕೊಂಡರೆ ಒಳ್ಳೆಯದು.

ಭಟ್ಟಿಯಲ್ಲಿ ಚಪ್ಪಲಿ ಹಾಕಲ್ಲ, ತಿನ್ನೋ ಪದಾರ್ಥ ಇರೋ ಜಾಗ ಅಂತ ಅವರು ಹಟ ಮಾಡ್ತಾರೆ, ಗೊತ್ತು. ಅದು ತಪ್ಪು ಅಂತ ನಾನೂ ಹೇಳಲ್ಲ. ಅದಕ್ಕೇ ಎರಡು ಜೊತೆ ಕಳಿಸಿದ್ದೇನೆ. ಮೆತ್ತನೆ ತಳ ಇರೋದು, ಸಕ್ಕರೆ ಕಾಯಿಲೆಯವರಿಗೆ ಅಂತಲೇ ಮಾಡಿದ್ದು. ಒಂದು ಜೊತೆ ಭಟ್ಟಿಯ ಒಳಗೇ ಇರಲಿ, ರಸ್ತೆಗೆ ಇಳಿಯೋದೇ ಬೇಡ. ಹಾಗಾದರೆ ಮೈಲಿಗೆ ಮಾತು ಬರಲ್ಲ. ಭಟ್ಟಿ ಮಾಲೀಕರಿಗೆ ನಾನೇ ಫೋನ್ ಮಾಡಿ ಹೇಳಿದ್ದೇನೆ, ಅವರು ಒಪ್ಪಿದರು. ಗಾಯ ಇರೋವರೆಗೆ ಮಾತ್ರ ಡಾಕ್ಟರಿಗೆ ತೋರಿಸದೆ ಹಾಕಿಸಬೇಡ, ಒತ್ತಿದರೆ ಕಷ್ಟ. ಅಲ್ಲಿಯವರೆಗೆ ಭಟ್ಟಿಗೆ ರಜೆ. ಲೆಕ್ಕದ ಪುಸ್ತಕ ಮನೆಗೆ ತರಿಸಿಕೊಂಡು ಬರೆಯಲಿ. ದುಗ್ಗಮ್ಮನ ಗುಡಿಗೆ ಬರಿಗಾಲಲ್ಲಿ ನಡೆದು ಹೋಗೋದೂ ಬೇಡ. ಆಟೋದಲ್ಲಿ ಬಂದರೆ ಅಮ್ಮ ಸಿಟ್ಟಾಗಲ್ಲ.

ದುಡ್ಡಿನ ಚಿಂತೆ ಬಿಡು. ಸುಮಾ ಖಾತೆಗೆ 40,000 ರೂಪಾಯಿ ಹಾಕಿದ್ದೇನೆ. ಸಾಲದಿದ್ದರೆ ಹೇಳು, ಎರಡೇ ದಿನದಲ್ಲಿ ಬರುತ್ತದೆ. ನನ್ನ ಹತ್ತಿರ ಇದೆ, ಧಾರಾಳ ಇದೆ. ಯಾರ ಹತ್ತಿರವೂ ಕೈಗಡ ತಗೋಬೇಡ, ನಾಗರಾಜ ಮಾವನ ಹತ್ತಿರ ಅಂತೂ ಬೇಡವೇ ಬೇಡ. ಲಿವಾಕ್ಕೆ ಹೋಗೋದಕ್ಕೂ ಇದಕ್ಕೂ ಸಂಬಂಧ ಇಲ್ಲ, ಎರಡನ್ನೂ ಸೇರಿಸಿ ಬೈಯಬೇಡ. ಆದರೂ ರಿಪೋರ್ಟ್ ಬರೋವರೆಗೆ ನನ್ನ ಪಾಲಿನ ದುಡ್ಡು ಕಟ್ಟಲ್ಲ ಅಂತ ಶಾಜಿಗೆ ಹೇಳಿದ್ದೇನೆ. ಅಡ್ಮಿಟ್ ಮಾಡಬೇಕು ಅಂದರೆ ರಜೆ ಹಾಕಿ ಬರ್ತೀನಿ, ಫೋರ್‌ಮನ್‌ಗೆ ಹೇಳಿಟ್ಟಿದ್ದೇನೆ. ಬರೋ ಪ್ರಸಂಗವೇ ಬರಲ್ಲ, ಸುಮ್ನೆ ಹೇಳಿದೆ ಅಷ್ಟೆ.

ಹೊನ್ನಾಳಿ ಸಂಬಂಧದ ಮಾತು ಈಗ ಬೇಡ. ಹುಡುಗಿ ಫೋಟೋ ನೋಡಿದೆ. ಆಮೇಲೆ ಮಾತಾಡೋಣ.

ಖರ್ಜೂರ ಎರಡು ಡಬ್ಬಿ ಇದೆ. ಒಂದು ನಿನಗೆ, ಒಂದು ಸುಮಾ ಮನೆಗೆ. ಅಪ್ಪಾಜಿ ಕಣ್ಣಿಗೆ ಬೀಳದ ಹಾಗೆ ಅಕ್ಕಿ ಡಬ್ಬದ ಹಿಂದೆ ಇಡು. ಒಂದೇ ಒಂದು ಅಂತ ಶುರು ಮಾಡ್ತಾರೆ.

ಜಗಳೂರಿನ ತಿಪ್ಪೇಸ್ವಾಮಿ ಬ್ಯಾಗು ತೂಕ ಮಾಡ್ತಾ ಕೂತಿದ್ದಾನೆ, ಕಾಗದ ಬೇಗ ಕೊಡು ಅಂತ ಒಂದೇ ಸಮ ಪೀಡಿಸ್ತಿದ್ದಾನೆ. ನಾಳೆ ಬೆಳಗಿನ ವಿಮಾನ ಅವನಿಗೆ. ಕಿರಣನಿಗೆ ಪರೀಕ್ಷೆಗೆ ಓದಲು ಹೇಳು. ನಾನು ಆರಾಮಾಗಿದ್ದೇನೆ, ಹೊತ್ತಿಗೆ ಊಟ ಮಾಡ್ತೀನಿ. ಸುಮಾ, ಆಸ್ಪತ್ರೆ ಚೀಟಿಯ ಫೋಟೋ ಅದೇ ದಿನ ಕಳಿಸು.

ಇಂತಿ ನಿನ್ನ ಮಗ,
ಮಂಜು

ಚಪ್ಪಲಿ ಬಿಲ್ಲು ಡಬ್ಬಿಯಲ್ಲೇ ಉಳಿದಿದೆ. ಅಪ್ಪಾಜಿ ರೂಪಾಯಿಗೆ ಲೆಕ್ಕ ಹಾಕೋ ಮುಂಚೆ ಹರಿದು ಹಾಕು.