ಗಿಟಾರ್ ಕೆಟ್ಟಿತೆಂದು ಅಟ್ಟಕ್ಕೆ ಹಾಕುವ ಮುನ್ನ

ಮಾನ್ಯ ಸಂಪಾದಕರೇ,

ಶಾಲಾ ಕಾಲೇಜುಗಳು ಮತ್ತೆ ತೆರೆದಿವೆ, ಮಳೆಯೂ ಹಿಡಿದಿದೆ. ರಜೆಯಿಡೀ ಬೀರುವಿನಲ್ಲಿದ್ದ ಗಿಟಾರುಗಳು ಹೊರಬರುವ ಹೊತ್ತಿದು. ತಂತಿ ಮೀಟಿದರೆ ನಾದವಿದೆ, ಕೇಬಲ್ ಚುಚ್ಚಿದರೆ ಸ್ಪೀಕರಿನಲ್ಲಿ ಸದ್ದಿಲ್ಲ. ‘ಸೆಮಿ ಅಕೌಸ್ಟಿಕ್ (ಸ್ಪೀಕರಿಗೂ ಜೋಡಿಸಬಹುದಾದ ಮರದ ಗಿಟಾರ್) ಹೋಯ್ತು’ ಎಂದು ತೀರ್ಮಾನಿಸಿ ಹೊಸದಕ್ಕೆ ಕೊಟೇಶನ್ ತರಿಸುವ ಆಡಳಿತ ಮಂಡಳಿಗಳಿಗೂ ಚರ್ಚಿನ ಗಾಯನ ತಂಡಗಳಿಗೂ ಮನೆಯವರಿಗೂ ಒಂದಿಷ್ಟು ವಿಷಯ ತಿಳಿಸಬೇಕೆಂದು ಈ ಪತ್ರ. ಹೀಗೆ ಮೂಲೆ ಸೇರುವ ವಾದ್ಯಗಳಲ್ಲಿ ಬಹುಪಾಲು ಕೆಟ್ಟಿರುವುದು ಬ್ಯಾಟರಿ, ಕೇಬಲ್ ಚುಚ್ಚುವ ಜಾಕ್ ಅಥವಾ ತಂತಿಗಳನ್ನು ಹೊರುವ ಸ್ಯಾಡಲ್. ಇವನ್ನು ಸರಿಪಡಿಸಲು ಗಿಟಾರಿನ ಬೆಲೆಯ ಅಲ್ಪ ಭಾಗ ಸಾಕು.

ಈ ವಾದ್ಯದಲ್ಲಿ ಎರಡು ಬೇರೆ ಬೇರೆ ಆಯುಷ್ಯದ ವಸ್ತುಗಳು ಒಟ್ಟಿಗಿವೆ. ಮರದ ಪೆಟ್ಟಿಗೆ ಚೆನ್ನಾಗಿ ನೋಡಿಕೊಂಡರೆ ಐವತ್ತು ವರ್ಷವೂ ಬಾಳುತ್ತದೆ. ಸ್ಯಾಡಲ್ ಎಂಬ ಬಿಳಿ ಪಟ್ಟಿಯ ಅಡಿಯಲ್ಲಿ ಕೂತು ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪೀಜೋ ಪಿಕಪ್, ಆ ಸಣ್ಣ ವಿದ್ಯುತ್ತನ್ನು ಬಲಪಡಿಸಲು ಪಕ್ಕದ ಹಲಗೆಯಲ್ಲಿ ಕತ್ತರಿಸಿ ಕೂರಿಸಿರುವ ಪ್ರೀಆಂಪ್, 9 ವೋಲ್ಟಿನ ಚೌಕ ಬ್ಯಾಟರಿ ಇವೆಲ್ಲ ಅಷ್ಟು ಕಾಲ ಬಾಳುವುದಿಲ್ಲ. ಒತ್ತಿದರೆ ವಿದ್ಯುತ್ ಹುಟ್ಟಿಸುವ ಹರಳಿನ ಗುಣವನ್ನು ಕ್ಯೂರಿ ಸಹೋದರರು ಕಂಡುಹಿಡಿದದ್ದು 1880ರಲ್ಲಿ. 1960ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಒವೇಶನ್ ಕಂಪನಿ ಅದನ್ನು ಗಿಟಾರಿನ ಸ್ಯಾಡಲ್‌ಗೆ ತಂದಿತು. ಇವತ್ತಿನ ಅಗ್ಗದ ಗಿಟಾರಿನಲ್ಲೂ ಇರುವುದು ಅದೇ ತತ್ವ.

ಸದ್ದೇ ಇಲ್ಲದಿದ್ದರೆ ಮೊದಲು ನೋಡಬೇಕಾದ್ದು ಬ್ಯಾಟರಿ. ಗಿಟಾರಿಗೆ ಬೇರೆ ಸ್ವಿಚ್ ಇರುವುದಿಲ್ಲ, ಕೇಬಲಿನ ಪಿನ್ನೇ ಸ್ವಿಚ್. ಪಿನ್ ಒಳಹೋದಾಗ ಜಾಕಿನ ಎರಡು ಲೋಹದ ನಾಲಗೆಗಳು ಕೂಡಿ ಬ್ಯಾಟರಿಯ ನೆಗೆಟಿವ್ ತುದಿ ಜೋಡಣೆಯಾಗುತ್ತದೆ. ನುಡಿಸಿ ಮುಗಿದ ಮೇಲೆ ಕೇಬಲನ್ನು ಗಿಟಾರಿನಲ್ಲೇ ಬಿಟ್ಟರೆ, ಮಿಕ್ಸರ್ ಆಫ್ ಆಗಿದ್ದರೂ ಬ್ಯಾಟರಿ ಉರಿಯುತ್ತಲೇ ಇರುತ್ತದೆ, ಒಂದೆರಡು ವಾರದಲ್ಲಿ ಖಾಲಿ. ಹೊಸ ಆಲ್ಕಲೈನ್ ಬ್ಯಾಟರಿಯನ್ನು ಮಲ್ಟಿಮೀಟರ್‌ನಲ್ಲಿ ಅಳೆದರೆ 9.5 ವೋಲ್ಟಿನ ಆಸುಪಾಸು ತೋರಿಸುತ್ತದೆ. 7.5ಕ್ಕಿಂತ ಇಳಿದಿದ್ದರೆ ಬದಲಿಸಿ. ಸದ್ದು ಪೂರ್ತಿ ನಿಲ್ಲುವ ಮುಂಚೆಯೇ ಜೋರಾಗಿ ಬಾರಿಸಿದಾಗ ಒಡೆದಂತೆ ಕೇಳತೊಡಗುತ್ತದೆ, ಆಗ ಪಿಕಪ್ ಮೇಲೆ ಅನುಮಾನ ಪಡಬೇಡಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಜಿಂಕ್ ಕಾರ್ಬನ್ ಬ್ಯಾಟರಿ ಬೇಗ ಸೋರುತ್ತದೆ. ಯುಎಸ್‌ಬಿ ಕಿಂಡಿಯಲ್ಲಿ ಚಾರ್ಜ್ ಆಗುವ ಲಿಥಿಯಂ ಬ್ಯಾಟರಿಯೊಳಗೆ ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಇರುವುದರಿಂದ ಕೆಲವು ಪ್ರೀಆಂಪ್‌ಗಳಲ್ಲಿ ಸಣ್ಣ ಕೀರಲು ಸದ್ದು ಸೇರಿಕೊಳ್ಳುತ್ತದೆ.

ತಿಂಗಳಿಗಿಂತ ಹೆಚ್ಚು ನುಡಿಸದಿದ್ದರೆ ಬ್ಯಾಟರಿ ತೆಗೆದಿಡಿ. ಬೇಸಿಗೆ ರಜೆಗೆ ಬೀಗ ಹಾಕುವ ಪ್ರತಿ ಶಾಲೆಯ ಸಂಗೀತ ಕೋಣೆಯಲ್ಲೂ ಈ ಒಂದು ಸಾಲು ಗೋಡೆಗೆ ಅಂಟಿಸಬೇಕು. ಸೋರಿದ ರಸ ಸ್ಪ್ರಿಂಗ್ ಮತ್ತು ತಗಡನ್ನು ತಿಂದುಹಾಕುತ್ತದೆ. ಆಗಲೂ ಪ್ರೀಆಂಪ್ ಸತ್ತಿದೆ ಎಂದುಕೊಳ್ಳುವ ಅಗತ್ಯವಿಲ್ಲ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಒರೆಸಿ, ನಯವಾದ ಎಮರಿ ಪೇಪರಿನ ಚೂರಿನಿಂದ ತಗಡನ್ನು ಹೊಳೆಯುವವರೆಗೆ ಉಜ್ಜಿ, ಒಣಗಿದ ಮೇಲೆ ಹೊಸ ಬ್ಯಾಟರಿ ಹಾಕಿ ನೋಡಿ.

ಬ್ಯಾಟರಿ ಹೊಸದಾಗಿದ್ದೂ ಸದ್ದಿಲ್ಲವೆಂದರೆ ಕೇಬಲಿನ ಪಿನ್ ಪರೀಕ್ಷಿಸಿ. ಪಿನ್ನಿನ ಮೇಲೆ ಒಂದೇ ಕಪ್ಪು ಉಂಗುರವಿದ್ದರೆ ಮೊನೊ, ಎರಡಿದ್ದರೆ ಸ್ಟೀರಿಯೊ. ಗಿಟಾರಿಗೆ ಬೇಕಾದ್ದು ಮೊನೊ. ಮೈಕ್‌ಸೆಟ್ಟಿನವರು ಕೈಗೆ ಸಿಕ್ಕ ಸ್ಟೀರಿಯೊ ಕೇಬಲ್ ಕೊಟ್ಟರೆ ಬ್ಯಾಟರಿಯ ಜೋಡಣೆಯೇ ಆಗದೆ ಒಳ್ಳೆಯ ಗಿಟಾರೂ ಮೂಕವಾಗುತ್ತದೆ. ಕಾರ್ಯಕ್ರಮ ಶುರುವಾಗುವ ಗಳಿಗೆಯಲ್ಲಿ ಇದೊಂದು ಕಾರಣಕ್ಕೆ ಎಷ್ಟೋ ಮಕ್ಕಳು ಗಿಟಾರ್ ಕೆಳಗಿಟ್ಟು ಕೂರುತ್ತಾರೆ.

ಕರಕರ ಸದ್ದು ಬರುತ್ತಿದ್ದರೆ ಜಾಕಿನ ನಟ್ಟು ಸಡಿಲವಾಗಿರುತ್ತದೆ. ಹೊರಗಿನಿಂದ ಸ್ಪ್ಯಾನರ್ ಹಿಡಿದು ತಿರುಗಿಸಿದರೆ ಒಳಗಿನ ಜಾಕೂ ಜೊತೆಗೆ ತಿರುಗಿ ತಂತಿಗಳು ಹೆಣೆದುಕೊಂಡು ಬೆಸುಗೆ ಕಿತ್ತುಬರುತ್ತದೆ. ಒಂದು ಕೈಯಲ್ಲಿ ಜಾಕನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ನಟ್ಟು ಬಿಗಿ ಮಾಡಬೇಕು. ವಾಲ್ಯೂಮ್ ತಿರುಗಿಸುವಾಗ ಮಾತ್ರ ಕರಕರ ಎಂದರೆ ಎಲೆಕ್ಟ್ರಾನಿಕ್ಸ್ ಅಂಗಡಿಯ ಕಾಂಟ್ಯಾಕ್ಟ್ ಕ್ಲೀನರ್ ಎರಡು ಹನಿ ಬಿಟ್ಟು, ಗುಂಡಿಯನ್ನು ಇಪ್ಪತ್ತು ಬಾರಿ ಆಚೀಚೆ ತಿರುಗಿಸಿದರೆ ಸಾಕು. ಬೈಕ್ ಚೈನಿಗೆ ಹೊಡೆಯುವ ಎಣ್ಣೆ ಸ್ಪ್ರೇ ಇಲ್ಲಿಗೆ ಬೇಡ, ಅದರ ಜಿಡ್ಡಿಗೆ ದೂಳು ಅಂಟುತ್ತದೆ.

ಆರು ತಂತಿಗಳಲ್ಲಿ ಒಂದೆರಡು ಮಾತ್ರ ಸ್ಪೀಕರಿನಲ್ಲಿ ಮೆಲ್ಲಗೆ ಕೇಳುತ್ತವೆ ಎಂಬ ದೂರು ಸಾಮಾನ್ಯ. ಪೀಜೋ ಪಟ್ಟಿಯ ಮೇಲೆ ಸ್ಯಾಡಲ್ ಸಮವಾಗಿ ಒತ್ತದಿದ್ದಾಗ ಹೀಗಾಗುತ್ತದೆ. ತಂತಿ ಸಡಿಲಿಸಿ ಸ್ಯಾಡಲ್ ಹೊರತೆಗೆಯಿರಿ, ಕೆಳಗಿನ ಪಿಕಪ್ ಎಳೆಯಬೇಡಿ. ಸೀಳಿನಲ್ಲಿ ಮರದ ಪುಡಿ ಕೂತಿದ್ದರೆ ಒಣ ಬ್ರಷ್‌ನಿಂದ ತೆಗೆಯಿರಿ. ಸ್ಯಾಡಲ್‌ನ ಅಡಿಯನ್ನು ಸ್ಟೀಲ್ ಸ್ಕೇಲಿನ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ನುಸುಳಿದರೆ ಅದೇ ದೋಷ. 220 ನಂಬರಿನ ಎಮರಿ ಪೇಪರನ್ನು ಗಾಜಿನ ಮೇಲೆ ಅಂಟಿಸಿ, ಸ್ಯಾಡಲನ್ನು ನೆಟ್ಟಗೆ ಹಿಡಿದು ಅಡಿಯನ್ನು ಉಜ್ಜಿ ಸಪಾಟು ಮಾಡಬೇಕು. ಸ್ಯಾಡಲ್ ಸೀಳಿನಲ್ಲಿ ಬಿಗಿಯಾಗಿ ಸಿಕ್ಕಿಕೊಂಡಿದ್ದರೂ ಒತ್ತಡ ಪಿಕಪ್‌ಗೆ ತಲುಪುವುದಿಲ್ಲ. ಬೆರಳಿನಲ್ಲಿ ಎಳೆದರೆ ಬರಬೇಕು, ಅಲುಗಾಡಬಾರದು, ಅಷ್ಟು ಅಳತೆ.

ಇನ್ನು ಹವೆಯ ಮಾತು. ವಿದೇಶಿ ಕಂಪನಿಗಳ ಕೈಪಿಡಿಗಳು ಚಳಿಗಾಲದ ಹೀಟರಿನಿಂದ ಮರ ಒಣಗುವ ಬಗ್ಗೆಯೇ ಹೆಚ್ಚು ಎಚ್ಚರಿಸುತ್ತವೆ, ನಮ್ಮ ಕಷ್ಟ ಬೇರೆ. ಮರಕ್ಕೆ ಹಿತವಾದ ತೇವಾಂಶ ಶೇ 45ರಿಂದ 55. ಮಂಗಳೂರು, ಉಡುಪಿ, ಕಾರವಾರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು 80ರ ಮೇಲೆಯೇ ಇರುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಮಧ್ಯಾಹ್ನಗಳಲ್ಲಿ 30ಕ್ಕಿಂತ ಕೆಳಗಿಳಿಯುವುದುಂಟು. ಕರಾವಳಿಯಲ್ಲಿ ಮೇಲ್ಹಲಗೆ ನೀರು ಹೀರಿ ಉಬ್ಬುತ್ತದೆ, ಸ್ಯಾಡಲ್ ಕೂತಿರುವ ಮರದ ತುಂಡಾದ ಬ್ರಿಡ್ಜ್ ಮೇಲೇಳುತ್ತದೆ, ತಂತಿ ಎತ್ತರವಾಗಿ ಒತ್ತುವ ಬೆರಳು ನೋಯುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ ಹಲಗೆ ಕುಗ್ಗಿ ತಗ್ಗುತ್ತದೆ, ತಂತಿಯು ನೆಕ್ (ಗಿಟಾರಿನ ಕತ್ತು) ಮೇಲಿನ ಅಡ್ಡ ಲೋಹದ ಗೆರೆಯಾದ ಫ್ರೆಟ್ಟಿಗೆ ತಾಗಿ ಝರ್ ಎನ್ನುತ್ತದೆ, ಫ್ರೆಟ್ಟಿನ ತುದಿಗಳು ನೆಕ್‌ನ ಅಂಚಿನಿಂದ ಹೊರಚಾಚಿ ಅಂಗೈ ಗೀರುತ್ತವೆ. ಬಿರುಕು ಬಿಡುವುದು ಇದರ ಮುಂದಿನ ಹಂತ.

ಮಳೆಗಾಲದಲ್ಲಿ ತಂತಿ ಎತ್ತರವಾಯಿತೆಂದು ಕೂಡಲೇ ಅಲೆನ್ ಕೀ ಹಿಡಿದು ನೆಕ್‌ನೊಳಗಿನ ಲೋಹದ ಸರಳಾದ ಟ್ರಸ್ ರಾಡ್ ಬಿಗಿ ಮಾಡುವವರು ಬಹಳ. ವಾದ್ಯಕ್ಕೆ ಅತಿ ಹೆಚ್ಚು ಹಾನಿ ಮಾಡುವ ಕೆಲಸ ಇದು. ಟ್ರಸ್ ರಾಡ್ ಇರುವುದು ನೆಕ್‌ನ ಬಾಗು ಸರಿಪಡಿಸಲು ಮಾತ್ರ. ಮೊದಲನೇ ಫ್ರೆಟ್ಟಿಗೆ ಕೇಪೊ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್) ಹಾಕಿ, ನೆಕ್ ಪೆಟ್ಟಿಗೆಗೆ ಸೇರುವ ಫ್ರೆಟ್ಟಿನಲ್ಲಿ ದಪ್ಪ ತಂತಿಯನ್ನು ಒತ್ತಿ, ಏಳನೇ ಫ್ರೆಟ್ಟಿನ ಮೇಲಿನ ಸಂದು ಅಳೆಯಿರಿ. ಬೈಕ್ ಮೆಕ್ಯಾನಿಕ್‌ಗಳು ಬಳಸುವ, ತೆಳು ತಗಡುಗಳ ಫೀಲರ್ ಗೇಜ್ ಇದಕ್ಕೆ ಸಾಕು. 0.20ರಿಂದ 0.25 ಮಿ.ಮೀ. ಇದ್ದರೆ ನೆಕ್ ಸರಿಯಿದೆ, ರಾಡ್ ಮುಟ್ಟಬೇಡಿ. ಸಂದು ಹೆಚ್ಚಿದ್ದರೆ ಮಾತ್ರ ಪ್ರದಕ್ಷಿಣವಾಗಿ ಎಂಟನೇ ಒಂದು ಸುತ್ತು ತಿರುಗಿಸಿ, ಶ್ರುತಿ ಮಾಡಿ, ಮತ್ತೆ ಅಳೆಯಬೇಕು. ಒಂದೇ ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಗಟ್ಟಿಯಾಗಿ ತಡೆದರೆ ಅಲ್ಲಿಗೇ ನಿಲ್ಲಿಸಿ. ರಾಡ್ ತುಂಡಾದರೆ ನೆಕ್ ಬಿಚ್ಚಿಯೇ ತೆಗೆಯಬೇಕು, ಸಾಧಾರಣ ಬೆಲೆಯ ಗಿಟಾರಿಗೆ ಅಷ್ಟು ಖರ್ಚು ಯಾರೂ ಮಾಡುವುದಿಲ್ಲ.

ನೆಕ್ ಸರಿಯಿದ್ದೂ ಎತ್ತರ ಹೆಚ್ಚಿದ್ದರೆ ಕೆಲಸ ಸ್ಯಾಡಲ್‌ನಲ್ಲಿ. ಹನ್ನೆರಡನೇ ಫ್ರೆಟ್ಟಿನ ಮೇಲೆ ದಪ್ಪ ತಂತಿ ಸುಮಾರು 2.4 ಮಿ.ಮೀ., ಸಣ್ಣ ತಂತಿ 1.8ರಿಂದ 2 ಮಿ.ಮೀ. ಎತ್ತರದಲ್ಲಿದ್ದರೆ ಕೈಗೆ ಸಲೀಸು. ಅಲ್ಲಿ ಅರ್ಧ ಮಿ.ಮೀ. ಇಳಿಸಬೇಕಾದರೆ ಸ್ಯಾಡಲ್‌ನ ಅಡಿಯಿಂದ ಒಂದು ಮಿ.ಮೀ. ತೆಗೆಯಬೇಕು. ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡು ಉಜ್ಜಿ, ಗೆರೆಗೆ ಸ್ವಲ್ಪ ಮೊದಲೇ ನಿಲ್ಲಿಸಿ ಹಾಕಿ ನೋಡಿ. ಬ್ರಿಡ್ಜಿನ ಮೇಲೆ ಸ್ಯಾಡಲ್ ಎರಡು ಮೂರು ಮಿ.ಮೀ.ಗಿಂತ ಕಡಿಮೆ ಕಾಣುವಂತಾದರೆ ತಂತಿ ಸ್ಯಾಡಲ್ ದಾಟಿ ಬಾಗಿ ಇಳಿಯುವ ಕೋನ ತಗ್ಗಿ ಪಿಕಪ್ ಮೇಲಿನ ಒತ್ತಡವೂ ಸದ್ದೂ ಕುಗ್ಗುತ್ತವೆ. ಕರಾವಳಿಯವರಿಗೆ ಒಂದು ಉಪಾಯ: ಸ್ಯಾಡಲ್ ಎರಡಿರಲಿ. ಮಳೆಗಾಲಕ್ಕೆ ತಗ್ಗಿನದು, ಡಿಸೆಂಬರ್ ಬಳಿಕ ಎತ್ತರದ್ದು. ಒಂದೇ ಸ್ಯಾಡಲನ್ನು ಮಳೆಯಲ್ಲಿ ಉಜ್ಜಿ ಇಳಿಸಿದವರು ಬೇಸಿಗೆಯಲ್ಲಿ ಅದರಡಿ ಕಾಗದ ಮಡಚಿ ಇಡುತ್ತಾರೆ, ಆ ಕಾಗದ ಪೀಜೋಗೆ ಹೋಗಬೇಕಾದ ಕಂಪನವನ್ನು ನುಂಗುತ್ತದೆ.

ತೇವ ಹಿಡಿತದಲ್ಲಿಡಲು ಗಟ್ಟಿ ಕೇಸ್, ತೇವಾಂಶ ಅಳೆಯುವ ಒಂದು ಡಿಜಿಟಲ್ ಹೈಗ್ರೊಮೀಟರ್, ಬಟ್ಟೆ ಚೀಲದಲ್ಲಿ 200 ಗ್ರಾಂ ಸಿಲಿಕಾ ಜೆಲ್ ಸಾಕು. ಕಿತ್ತಳೆ ಬಣ್ಣದ್ದನ್ನು ಕೊಳ್ಳಿ. ನೀಲಿಯದರಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆಮನೆಯ ಓವನ್‌ನಲ್ಲಿ ಬಿಸಿ ಮಾಡಬಾರದು. ಬಣ್ಣ ತಿರುಗಿದಾಗ 110ರಿಂದ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಒಣಗಿಸಿದರೆ ಮತ್ತೆ ಬಳಸಬಹುದು. ಮೀಟರ್ 45 ತೋರಿಸಿದ ಕೂಡಲೇ ಚೀಲ ಹೊರತೆಗೆಯಿರಿ. ಸ್ಪಂಜಿನ ಬ್ಯಾಗ್ ಒಮ್ಮೆ ನೆನೆದರೆ ವಾರಗಟ್ಟಲೆ ಒಣಗದೆ ಬೂಷ್ಟು ಹಿಡಿಯುತ್ತದೆ. ಮಳೆ ಹೊಡೆಯುವ ಹೊರಗೋಡೆಗೆ ಗಿಟಾರ್ ನೇತುಹಾಕಬೇಡಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಂತೂ ಬಿಡಲೇಬಾರದು. 65 ಡಿಗ್ರಿಯ ಆಸುಪಾಸಿನಲ್ಲಿ ಅಂಟು ಮೆತ್ತಗಾಗುತ್ತದೆ, 12–53 ಎಂಬ ದಪ್ಪದ ಸೆಟ್ಟಿನ ತಂತಿಗಳು ಎಳೆಯುತ್ತಿರುವುದೋ 70 ಕೆ.ಜಿ.ಗೂ ಮಿಕ್ಕಿದ ಭಾರದಲ್ಲಿ. ಬ್ರಿಡ್ಜಿನ ಹಿಂಬದಿಯ ಅಂಚಿನಡಿ ವಿಸಿಟಿಂಗ್ ಕಾರ್ಡ್ ತೂರಿದರೆ ಅಂಟು ಬಿಡುತ್ತಿದೆ ಎಂದರ್ಥ. ಕೂಡಲೇ ತಂತಿ ಸಡಿಲಿಸಿ ರಿಪೇರಿಯವರಲ್ಲಿಗೆ ಒಯ್ಯಿರಿ. ಸೂಪರ್ ಗ್ಲೂ ಹಾಕಿ ತಂದರೆ ನಮ್ಮ ಕೆಲಸ ಮೂರು ಪಟ್ಟಾಗುತ್ತದೆ.

ತಂತಿಯನ್ನು ನುಡಿಸಿದ ಮೇಲೆ ಪ್ರತಿ ಸಲ ಒಣಬಟ್ಟೆಯಿಂದ ಒರೆಸಿ, ಬೆವರಿನ ಉಪ್ಪೇ ಅದರ ಶತ್ರು. ನೆಕ್ ಮೇಲೆ ಬೆರಳು ಒತ್ತುವ ಬೀಟೆ ಮರದ ಫಿಂಗರ್‌ಬೋರ್ಡಿಗೆ ವರ್ಷಕ್ಕೆ ಒಂದೆರಡು ಸಲ ಲೆಮನ್ ಆಯಿಲ್ ನಾಲ್ಕೈದು ಹನಿ ಸಾಕು. ತೆಂಗಿನೆಣ್ಣೆ ಹಚ್ಚುವ ರೂಢಿ ಬಿಡಿ, ಕಮಟಾಗಿ ಕೊಳೆ ಹಿಡಿಯುತ್ತದೆ.

ವೇದಿಕೆಯ ಮೇಲಿನ ದೊಡ್ಡ ಕಾಟ ಗುಂಯ್ ಎನ್ನುವ ಫೀಡ್‌ಬ್ಯಾಕ್. ದೊಡ್ಡ ಪೆಟ್ಟಿಗೆಯ ಗಿಟಾರಿನೊಳಗಿನ ಗಾಳಿ ಸುಮಾರು 100 ಹರ್ಟ್ಸ್‌ನಲ್ಲಿ ತಾನಾಗಿ ಮಿಡಿಯುತ್ತದೆ, ನುಡಿಸುವವರತ್ತ ಮುಖ ಮಾಡಿದ ಮಾನಿಟರ್ ಸ್ಪೀಕರ್ ಅದೇ ಸ್ವರವನ್ನು ಎದುರಿನಿಂದ ತಳ್ಳಿದಾಗ ಸರಪಳಿ ಶುರು. ಪೆಟ್ಟಿಗೆಯ ನಡುವಿನ ದುಂಡು ತೂತಾದ ಸೌಂಡ್‌ಹೋಲಿಗೆ ರಬ್ಬರ್ ಮುಚ್ಚಳ ಹಾಕಿ, ಪ್ರೀಆಂಪ್‌ನಲ್ಲಿ ಬಾಸ್ ಇಳಿಸಿ, ಸದ್ದಿನ ಅಲೆಯನ್ನು ತಲೆಕೆಳಗು ಮಾಡುವ ಫೇಸ್ ಗುಂಡಿಯಿದ್ದರೆ ಒಮ್ಮೆ ಒತ್ತಿ ನೋಡಿ. ಕೇಬಲ್ ಆರು ಮೀಟರ್ ಮೀರಿದರೆ ಡಿಐ ಬಾಕ್ಸ್ (ಗಿಟಾರಿನ ಸಿಗ್ನಲನ್ನು ಉದ್ದ ಕೇಬಲಿಗೆ ಹೊಂದಿಸುವ ಪೆಟ್ಟಿಗೆ) ಬೇಕು. ಪಿನ್ ಕೀಳುವ ಮುನ್ನ ಮಿಕ್ಸರಿನವರಿಗೆ ಮ್ಯೂಟ್ ಮಾಡಲು ಹೇಳಿ, ಆ ಒಂದು ಢಂ ಸದ್ದಿಗೆ ಸ್ಪೀಕರ್ ಹರಿಯಬಹುದು. ಸ್ಪೀಕರಿನ ಹಮ್ ಸದ್ದು ನಿಲ್ಲಿಸಲೆಂದು ಪ್ಲಗ್ಗಿನ ಅರ್ಥಿಂಗ್ ಪಿನ್ ಮುರಿಯುವುದು ಪ್ರಾಣಕ್ಕೆ ಅಪಾಯ.

ಪ್ರೀಆಂಪ್ ನಿಜವಾಗಿಯೂ ಸತ್ತರೆ? ತೊಡಕು ಇಲ್ಲಿದೆ. ಪಕ್ಕದ ಹಲಗೆಯಲ್ಲಿ ಕತ್ತರಿಸಿದ ತೂತಿನ ಅಳತೆ ಒಂದೊಂದು ಮಾದರಿಗೆ ಒಂದೊಂದು. ಕೆಲವು ವರ್ಷಗಳ ನಂತರ ಅದೇ ಅಳತೆಯ ಬಿಡಿಭಾಗ ಸಿಗುವುದಿಲ್ಲ, ಅಂಗಡಿಯವರು ಹೊಸ ಗಿಟಾರ್ ತೋರಿಸುತ್ತಾರೆ. ತೂತಿಗೆ ತೆಳು ಹಲಗೆಯ ಮುಚ್ಚಳ ಮಾಡಿ ಜಾಕ್‌ಗೇ ಜೋಡಿಸಿದ ಪ್ರೀಆಂಪ್ ಹಾಕಿಸಬಹುದು. ಇನ್ನೂ ಅಗ್ಗದ ದಾರಿಯೆಂದರೆ 27 ಮಿ.ಮೀ. ಹಿತ್ತಾಳೆ ಪೀಜೋ ಬಿಲ್ಲೆಯೊಂದನ್ನು ಬ್ರಿಡ್ಜಿನ ಅಡಿಯ ಹಲಗೆಗೆ ಅಂಟಿಸಿ ಹೊರಗಿನ ಪ್ರೀಆಂಪ್‌ಗೆ ಜೋಡಿಸುವುದು. ಆ ಪ್ರೀಆಂಪ್‌ನ ಇನ್‌ಪುಟ್ ಇಂಪೀಡೆನ್ಸ್ (ಒಳಬರುವ ವಿದ್ಯುತ್ತಿಗೆ ಅದು ಒಡ್ಡುವ ತಡೆ) ಕನಿಷ್ಠ ಒಂದು ಮೆಗಾಓಮ್ ಇರಬೇಕು. ನೇರ ಮಿಕ್ಸರಿಗೆ ಚುಚ್ಚಿದರೆ ಬಾಸ್ ಮಾಯವಾಗಿ ತಗಡು ಬಡಿದಂತೆ ಕೇಳುತ್ತದೆ.

ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಬ್ರೆಜಿಲಿನ ಬೀಟೆ ಬಿಟ್ಟು ಭಾರತದ ಬೀಟೆಗೆ ಬಂದಿತು. ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಅದೇ ಜಾತಿಯ ಮರ ಈಗ ಜಗತ್ತಿನ ಎಷ್ಟೋ ಗಿಟಾರುಗಳ ಬೆನ್ನಿನಲ್ಲೂ ಫಿಂಗರ್‌ಬೋರ್ಡಿನಲ್ಲೂ ಇದೆ. ದಶಕಗಟ್ಟಲೆ ಬೆಳೆದ ಮರ, ಅಂಗೈಯಗಲದ ಸರ್ಕ್ಯೂಟಿನಿಂದಾಗಿ ಗುಜರಿಗೆ ಹೋಗುವುದು ಸಂಕಟದ ಸಂಗತಿ.

ಆದ್ದರಿಂದ ವಾದ್ಯದ ಅಂಗಡಿಯವರಲ್ಲಿ ಒಂದು ಬೇಡಿಕೆ: ಮಾರುವ ಪ್ರತಿ ಗಿಟಾರಿನ ಜೊತೆ ಪ್ರೀಆಂಪ್ ತೂತಿನ ಉದ್ದಗಲ, ಬ್ಯಾಟರಿಯ ಬಗೆ, ಟ್ರಸ್ ರಾಡ್ ಕೀಯ ಅಳತೆ (ಸಾಮಾನ್ಯವಾಗಿ 4 ಅಥವಾ 5 ಮಿ.ಮೀ.) ಬರೆದ ಕನ್ನಡದ ಚೀಟಿ ಕೊಡಿ, ಕೀಯನ್ನೂ ಕೊಡಿ. ಶಾಲೆಗಳ ಖರೀದಿ ಸಮಿತಿಗಳು ಟೆಂಡರಿನಲ್ಲೇ ಬದಲಿ ಪ್ರೀಆಂಪ್ ಒಂದನ್ನೂ ಹೆಚ್ಚುವರಿ ಸ್ಯಾಡಲ್ ಎರಡನ್ನೂ ಸೇರಿಸಿ ಕೇಳಲಿ. ಕರಾವಳಿ, ಮಲೆನಾಡಿನ ಶಾಲೆಗಳು ಇಡೀ ಮರದ ಮೇಲ್ಹಲಗೆಗೆ ಹೆಚ್ಚು ಹಣ ಕೊಡುವ ಬದಲು ಪದರ ಹಲಗೆಯ ಗಿಟಾರನ್ನೇ ಕೊಳ್ಳಲಿ. ನಾದ ತುಸು ಕಡಿಮೆ, ಆದರೆ ತೇವಕ್ಕೆ ಅಷ್ಟಾಗಿ ಉಬ್ಬುವುದಿಲ್ಲ, ಮಕ್ಕಳ ಕೈಯಲ್ಲಿ ಹೆಚ್ಚು ವರ್ಷ ಉಳಿಯುತ್ತದೆ.

ಇಂತು,
ಗಿಟಾರ್ ರಿಪೇರಿ ಕೆಲಸದವರು, ಮಂಗಳೂರು