ಮಗಳಿಗೊಂದು ಪತ್ರ: ಐಸೆನ್‌ಹೋವರ್ ಬರೆದಿಟ್ಟ ಚೀಟಿ

ಪ್ರೀತಿಯ ಪುಟ್ಟಿ,

ಎನ್‌ಸಿಸಿಯಲ್ಲಿ ಅಂಡರ್ ಆಫೀಸರ್ ಆದ ಮೇಲೆ ಜೂನಿಯರ್‌ಗಳು ಮಾಡಿದ ತಪ್ಪಿಗೂ ನೀನೇ ಬೈಸಿಕೊಳ್ಳಬೇಕು ಅಂತ ಫೋನಿನಲ್ಲಿ ಬೇಜಾರು ಮಾಡಿಕೊಂಡೆಯಲ್ಲ, ಅದಕ್ಕೇ ಈ ಪತ್ರ. ಅಮೆರಿಕದ ಜನರಲ್ ಡ್ವೈಟ್ ಐಸೆನ್‌ಹೋವರ್ ಬಗ್ಗೆ ನಿನಗೆ ಹೇಳಬೇಕು ಅನ್ನಿಸಿತು.

1944ರ ಜೂನ್. ಫ್ರಾನ್ಸ್ ಹಿಟ್ಲರನ ಕೈಯಲ್ಲಿತ್ತು. ಇಂಗ್ಲೆಂಡಿನಿಂದ ಕಡಲು ದಾಟಿಸಿ, ಒಂದೂವರೆ ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಫ್ರಾನ್ಸಿನ ನಾರ್ಮಂಡಿ ಕರಾವಳಿಯಲ್ಲಿ ಇಳಿಸಬೇಕಿತ್ತು. ದಾಳಿ 5ನೇ ತಾರೀಖಿಗೆ ಅಂತ ಗೊತ್ತಾಗಿತ್ತು, ಆದರೆ ಗಾಳಿ ಮಳೆಗೆ ಒಂದು ದಿನ ಮುಂದೆ ಹೋಯಿತು. ಆರರಂದು ಸ್ವಲ್ಪ ಬಿಡುವು ಸಿಗಬಹುದು ಎಂದರು ಹವಾಮಾನ ತಜ್ಞರು. ಜೊತೆಗಿದ್ದ ಅಧಿಕಾರಿಗಳಲ್ಲಿ ಒಮ್ಮತವಿರಲಿಲ್ಲ. ಹೊರಡೋಣ ಎಂದು ತೀರ್ಮಾನಿಸಿದವರು ಇಡೀ ದಾಳಿಯ ಮುಖ್ಯ ಸೇನಾಧಿಪತಿಯಾಗಿದ್ದ ಐಸೆನ್‌ಹೋವರ್.

ಆಮೇಲೆ ಅವರು ಪೆನ್ಸಿಲ್ಲಿನಲ್ಲಿ ಒಂದು ಚೀಟಿ ಬರೆದು ಪರ್ಸಿನಲ್ಲಿಟ್ಟುಕೊಂಡರು. ದಾಳಿ ಸೋತರೆ ಜಗತ್ತಿಗೆ ಹೇಳಬೇಕಾದ ಮಾತು ಅದರಲ್ಲಿತ್ತು. ನಮ್ಮ ಪ್ರಯತ್ನ ಸೋತಿದೆ, ಸೈನ್ಯವನ್ನು ನಾನು ಹಿಂದಕ್ಕೆ ಕರೆಸಿಕೊಂಡಿದ್ದೇನೆ, ಸೈನಿಕರು ಧೈರ್ಯದಲ್ಲಿ ಏನೂ ಕೊರತೆ ಮಾಡಲಿಲ್ಲ, ತಪ್ಪು ಅಂತ ಇದ್ದರೆ ಅದು ನನ್ನೊಬ್ಬನದು. ಇಷ್ಟೇ. ಹವಾಮಾನದ ಮೇಲೆ ಹಾಕಬಹುದಿತ್ತು, ಅಲ್ವಾ? ಹಾಕಲಿಲ್ಲ. ಅದೂ ಸೋಲುವ ಮೊದಲೇ ಬರೆದದ್ದು! ಅದೇ ಸಂಜೆ ಪ್ಯಾರಾಚೂಟಿನಲ್ಲಿ ಧುಮುಕಲಿದ್ದ 101ನೇ ಏರ್‌ಬೋರ್ನ್ ಡಿವಿಷನ್ನಿನ ಹುಡುಗರ ಬಳಿಗೆ ಹೋಗಿ ನಿನ್ನ ಊರು ಯಾವುದು ಅಂತ ವಿಚಾರಿಸಿದರು. ಅವರಲ್ಲಿ ಎಷ್ಟೋ ಜನ ಸಾಯಬಹುದು ಎಂದು ಒಬ್ಬ ಹಿರಿಯ ಅಧಿಕಾರಿ ಮೊದಲೇ ಎಚ್ಚರಿಸಿದ್ದರು.

ಈ ಗುಣ ಹುಟ್ಟಿನಿಂದ ಬಂದದ್ದಲ್ಲ. ಕ್ಯಾನ್ಸಾಸಿನ ಅಬಿಲೀನ್ ಎಂಬ ಊರಿನ ಬಡ ಮನೆಯ ಹುಡುಗ, ವಿಪರೀತ ಕೋಪ. ಹತ್ತನೇ ವಯಸ್ಸಿನಲ್ಲಿ ಅಣ್ಣಂದಿರ ಜೊತೆ ಹೊರಗೆ ಕಳಿಸಲಿಲ್ಲ ಅಂತ ಸೇಬಿನ ಮರಕ್ಕೆ ಗುದ್ದಿ ಗುದ್ದಿ ಕೈಯಲ್ಲಿ ರಕ್ತ ಬರಿಸಿಕೊಂಡಿದ್ದರು. ಯುದ್ಧವೆಂದರೇ ಆಗದ ತಾಯಿ ಆ ಕೈಗೆ ಪಟ್ಟಿ ಕಟ್ಟಿ, ಕೋಪ ಗೆಲ್ಲುವುದು ಊರು ಗೆಲ್ಲುವುದಕ್ಕಿಂತ ದೊಡ್ಡದು ಎಂದು ಬುದ್ಧಿ ಹೇಳಿದರು. ಮುಂದೆ ಸೈನ್ಯದಲ್ಲಿ ಹದಿನಾರು ವರ್ಷ ಮೇಜರ್ ಆಗಿಯೇ ಉಳಿದರು. ಮೊದಲ ಮಗ ಮೂರು ವರ್ಷಕ್ಕೇ ಜ್ವರದಿಂದ ತೀರಿಕೊಂಡ. ನನಗೆ ಅವರ ಗೆಲುವಿಗಿಂತ ಈ ವರ್ಷಗಳೇ ಜಾಸ್ತಿ ಕಾಡುತ್ತವೆ.

1953ರಿಂದ 1961ರವರೆಗೆ ಅಮೆರಿಕದ ಅಧ್ಯಕ್ಷರಾಗಿದ್ದರು. ಎಲ್ಲವನ್ನೂ ಹೊಗಳಲಾರೆ. ಇರಾನಿನಲ್ಲಿ ಪ್ರಧಾನಿ ಮೊಸದ್ದೆಗ್ ಅವರನ್ನು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಗುಟ್ಟಾಗಿ ಇಳಿಸಿದ್ದು ಇವರ ಒಪ್ಪಿಗೆಯಿಂದಲೇ. ಅದು ಅನ್ಯಾಯ. ಆದರೆ ಅಧಿಕಾರ ಬಿಡುವಾಗ, ಸೈನ್ಯ ಮತ್ತು ಶಸ್ತ್ರಾಸ್ತ್ರ ಕಾರ್ಖಾನೆಗಳ ಕೂಟ ಸರ್ಕಾರದ ಮೇಲೆ ಹಿಡಿತ ಸಾಧಿಸದಂತೆ ನೋಡಿಕೊಳ್ಳಿ ಎಂದು ಜನರಿಗೆ ಎಚ್ಚರಿಕೆ ಕೊಟ್ಟವರೂ ಈ ಸೇನಾಧಿಪತಿಯೇ.

1957ರಲ್ಲಿ ಅಮೆರಿಕದ ಲಿಟಲ್ ರಾಕ್ ಊರಿನಲ್ಲಿ ಬಿಳಿಯರಷ್ಟೇ ಓದುತ್ತಿದ್ದ ಹೈಸ್ಕೂಲಿಗೆ ಒಂಬತ್ತು ಕಪ್ಪು ವಿದ್ಯಾರ್ಥಿಗಳು ಸೇರಬೇಕಿತ್ತು. ಕೋರ್ಟ್ ಹೇಳಿದ್ದರೂ ಗವರ್ನರ್ ತಡೆದರು. ಐಸೆನ್‌ಹೋವರ್ ಈ ವಿಷಯದಲ್ಲಿ ನಿಧಾನಿ, ನನಗದು ಹಿಡಿಸುವುದಿಲ್ಲ. ಆದರೆ ಕೊನೆಗೆ ಅದೇ 101ನೇ ಡಿವಿಷನ್ನಿನ ಸೈನಿಕರನ್ನು ಕಳಿಸಿದರು, ಮಕ್ಕಳು ಅವರ ಕಾವಲಿನಲ್ಲಿ ಶಾಲೆಯೊಳಗೆ ಹೋದರು. ಆ ಒಂಬತ್ತರಲ್ಲಿ ಆರು ಹುಡುಗಿಯರು, ನಿನಗಿಂತ ಚಿಕ್ಕವರು. ಅವರ ಬಗ್ಗೆ ಓದು. ಊರಿಗೆ ಬಂದಾಗ ಕೂತು ಮಾತಾಡೋಣ.

ನಿನ್ನ ಅಪ್ಪ